ಬಾಕಿ ಮಾತು

ನಮ್ಮೂರಲ್ಲಿ ಆಡಿದ ಮಾತು ಆಗಲೇ ಕೇಳುವುದಿಲ್ಲ. ಒಂದು ಲೋಟ ಹಾಲು ಒಲೆಯ ಮೇಲಿಟ್ಟರೆ ಅದು ಉಕ್ಕಿ ಬರುವಷ್ಟು ಹೊತ್ತು ಬೇಕು. ಗಂಟೆ ಹೊಡೆದರೆ ಆಗಲೇ ಕೇಳುತ್ತದೆ, ನಾಯಿ ಬೊಗಳಿದರೆ ಆಗಲೇ ಕೇಳುತ್ತದೆ, ಹಿತ್ತಾಳೆ ತಂಬಿಗೆ ಕೈಜಾರಿದರೆ ಓಣಿಯೆಲ್ಲ ಆಗಲೇ ತಿರುಗಿ ನೋಡುತ್ತದೆ. ಮನುಷ್ಯರ ದನಿ ಮಾತ್ರ ತಡ. ಕಲ್ಮೇಶ್ವರ ನಮಗೆ ಕೊಟ್ಟದ್ದು ಹೀಗೆ. ಕೊಟ್ಟದ್ದನ್ನು ತೂಗಿ ನೋಡುವ ತಕ್ಕಡಿ ನಮ್ಮ ಹತ್ತಿರ ಇಲ್ಲ.

ಹಾಗಾಗಿ ನಾವು ತುಟಿ ನೋಡಿ ಮಾತಾಡುವ ಜನ. ತೊಟ್ಟಿಲ ಕೂಸು ಮೊದಲು ಕಲಿಯುವುದು ಅವ್ವನ ತುಟಿ ಓದುವುದನ್ನು. ಈ ಕಥೆಯಲ್ಲಿ ಯಾರಾದರೂ ಏನಾದರೂ ಅಂದರು ಎಂದರೆ ನಾನು ತುಟಿಯಿಂದ ತಿಳಿದದ್ದು ಎಂದುಕೊಳ್ಳಿ. ಕಿವಿಗೆ ಬಂದದ್ದನ್ನು ಬೇರೆಯಾಗಿ ಹೇಳುತ್ತೇನೆ. ಬೆನ್ನು ತಿರುಗಿಸಿ ಆಡಿದ ಮಾತು, ಕತ್ತಲಲ್ಲಿ ಆಡಿದ ಮಾತು ಮಾತ್ರ ತಡವಾಗಿ ಬಂದು ಕಿವಿಯ ಬಾಗಿಲು ತಟ್ಟುತ್ತವೆ. ಬೈದವನು ಬೈಸಿಕೊಂಡವನ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿರುವಾಗ ಆ ಬೈಗುಳ ಬಂದು ತಲುಪಿ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಸಾವಿನ ಮನೆಯಲ್ಲಿ ಮಾತ್ರ ನಾವು ಕಿವಿಯವರಾಗುತ್ತೇವೆ. ಉಸಿರು ನಿಂತದ್ದು ಕಂಡ ಕೂಡಲೇ ಯಾರೂ ಅಳುವುದಿಲ್ಲ, ಹೆಣ ಮುಟ್ಟುವುದಿಲ್ಲ. ಹೋದವರು ಕೊನೆಗೆ ಆಡಿದ್ದು ಇನ್ನೂ ದಾರಿಯಲ್ಲಿರುತ್ತದಲ್ಲ, ಅದಕ್ಕೆ ಬಾಕಿ ಮಾತು ಅನ್ನುತ್ತೇವೆ. ಮನೆಯವರು ಒಲೆಯ ಮೇಲೆ ಹಾಲಿಟ್ಟು ಕೈಮುಗಿದು ನಿಲ್ಲುತ್ತಾರೆ. ಹಾಲು ಉಕ್ಕಿದ ಮೇಲೆ ಅಳು. ಅದಕ್ಕಿಂತ ಮೊದಲು ಪಿಟ್ಟೆಂದರೂ ಪಾಪ.

ಇಂಥ ಊರಲ್ಲಿ ಕಣ್ಣಿಗೆ ಪೊರೆ ಬಂದರೆ ಏನಾಗುತ್ತದೆ, ನೀವೇ ಯೋಚಿಸಿ. ನನ್ನ ಅಕ್ಕ ರಾಚವ್ವನಿಗೆ ಎಪ್ಪತ್ತೊಂದಕ್ಕೆ ಎರಡೂ ಕಣ್ಣಿಗೆ ಪೊರೆ ಬಂತು. ಬೆಳಕು ಕಾಣುತ್ತಿತ್ತು, ಎದುರಿಗೆ ಯಾರೋ ನಿಂತದ್ದು ಕಾಣುತ್ತಿತ್ತು, ತುಟಿ ಕಾಣುತ್ತಿರಲಿಲ್ಲ. ಅವಳು ಕಿವಿಯ ಮೇಲೆ ಬದುಕತೊಡಗಿದಳು. ಅಂದರೆ ನಮಗಿಂತ ಒಂದು ಲೋಟ ಹಾಲಿನಷ್ಟು ಹಿಂದೆ. ಎಲ್ಲರೂ ನಕ್ಕು ಮುಗಿಸಿ ಎದ್ದು ಹೋದ ಮೇಲೆ ಖಾಲಿ ಕಟ್ಟೆಯ ಮೇಲೆ ಒಬ್ಬಳೇ ನಗುತ್ತಿದ್ದಳು.

ಅವಳ ಪ್ರಾಣ ಇದ್ದದ್ದು ಸೋಮವಾರದ ಭಜನೆಯಲ್ಲಿ. ನಮ್ಮ ಭಜನೆ ಹೇಗೆಂದರೆ, ತಾಳ ಕೇಳುತ್ತದೆ, ಹಾರ್ಮೋನಿಯಂ ಕೇಳುತ್ತದೆ, ಹಾಡು ಕೇಳುವುದಿಲ್ಲ. ಒಬ್ಬರ ತುಟಿ ಒಬ್ಬರು ನೋಡುತ್ತ ಹಾಡಿ ಮುಗಿಸುತ್ತೇವೆ. ಆಮೇಲೆ ಕಣ್ಣು ಮುಚ್ಚಿ ಕೂತರೆ ನಾವೇ ಹಾಡಿದ್ದು ಒಂದೇ ದನಿಯಾಗಿ ಗುಡಿಯೊಳಗೆ ಇಳಿದು ಬರುತ್ತದೆ. ಆಗ ಅದು ನಮ್ಮದಲ್ಲ, ಅವನದು ಅನ್ನಿಸುತ್ತದೆ. ಅಕ್ಕ ಐವತ್ತು ವರ್ಷ ಮುಂದೆ ಕೂತು ಹಾಡಿದವಳು. ಪೊರೆ ಬಂದ ಮೇಲೆ ಕಿವಿಗೆ ಬಂದದ್ದನ್ನು ಹಿಡಿದು ಹಾಡುತ್ತಿದ್ದಳು. ಮಂಗಳಾರತಿ ಆಗಿ ಎಲ್ಲರೂ ಪ್ರಸಾದಕ್ಕೆ ಕೈಯೊಡ್ಡಿದಾಗ ಅವಳ ದನಿಯೊಂದೇ ಹಿಂದಿನಿಂದ ಬರುತ್ತಿತ್ತು, ಜಾತ್ರೆ ಮುಗಿದ ಮೇಲೆ ಬಂದ ಎಮ್ಮೆಯ ಹಾಗೆ. ಹಾಗೆ ಅಂದು ನಕ್ಕವರೂ ಇದ್ದರು.

ನಾನು ಏನು ಮಾಡಿದೆ ಎಂದು ಈಗಲೇ ಹೇಳಿಬಿಡುತ್ತೇನೆ. ಭಜನೆ ನಿಂತಿತು ಎಂದು ಅಕ್ಕನಿಗೆ ಹೇಳಿದೆ. ಹಾರ್ಮೋನಿಯಂ ತಿದಿ ಹರಿದಿದೆ, ರಿಪೇರಿಯವನು ಸಿಗುತ್ತಿಲ್ಲ ಎಂದೆ. ಭಜನೆಯನ್ನು ಕೆರೆಯಾಚೆಯ ಸಣ್ಣ ಗುಡಿಗೆ ಒಯ್ದೆವು, ಅವಳ ಕಿವಿಗೆ ತಾಳ ಬೀಳದಷ್ಟು ದೂರ. ಎರಡು ವರ್ಷ ಪ್ರತಿ ಸೋಮವಾರ ಸಂತೆಗೆ ಎಂದು ಹೇಳಿ ಹೋಗಿಬರುತ್ತಿದ್ದೆ. ನನ್ನನ್ನು ಹೆತ್ತ ಅವ್ವ ನನಗೆ ಮೂರು ವರ್ಷ ಇರುವಾಗ ತೀರಿಕೊಂಡಳು. ತುತ್ತಿಟ್ಟು ಬೆಳೆಸಿದವಳು ಈ ಅಕ್ಕನೇ.

“ಕಣ್ಣಿನ ಪೊರಿ ತೆಗೆಸಿಕೊಂಡರ ತುಟಿ ಕಾಣತಾವ,” ಎಂದು ಒಂದು ದಿನ ಅವಳೇ ಹೊರಟಳು. “ಭಜನಿ ಮತ್ತ ಶುರು ಆದಾಗ ನಾ ತಯಾರಿರಬೇಕಲ್ಲ.”

ಊರ ಕಣ್ಣಿನ ಆಸ್ಪತ್ರೆಯಲ್ಲಿ ನನಗೆ ಹನ್ನೊಂದು ವರ್ಷದಿಂದ ಕೈ ಹಿಡಿಯುವ ಕೆಲಸ. ಕಣ್ಣಿನ ಆಪರೇಷನ್ನಿಗೆ ಪೂರ್ತಿ ಮಂಪರು ಕೊಡುವುದಿಲ್ಲ. ಕೆಳರೆಪ್ಪೆಯ ಹತ್ತಿರ ಸೂಜಿ ಚುಚ್ಚಿ, ಗುಡ್ಡೆಯ ಹಿಂದಕ್ಕೆ ಔಷಧ ಬಿಟ್ಟು, ಆ ಕಣ್ಣೊಂದನ್ನೇ ಜೋಮು ಹಿಡಿಸುತ್ತಾರೆ. ಮನುಷ್ಯ ಎಚ್ಚರವಾಗೇ ಇರುತ್ತಾನೆ. ಮುಖದ ಮೇಲೆ ಹಸಿರು ಬಟ್ಟೆ ಮುಚ್ಚಿದ ಮೇಲೆ ಅವನ ತುಟಿ ನಮಗೆ ಕಾಣದು, ಮಾಸ್ಕಿನ ಹಿಂದಿನ ನಮ್ಮ ತುಟಿ ಅವನಿಗೆ ಕಾಣದು. ಆಗ ಕೈಯೇ ಮಾತು. ನಾನು ಮಣಿಕಟ್ಟಿನ ಮೇಲೆ ಹೆಬ್ಬೆರಳು ಒತ್ತಿದರೆ ‘ನೇರ ನೋಡು, ಅಲುಗಬೇಡ’. ಅವನು ಒಮ್ಮೆ ಹಿಚುಕಿದರೆ ನೋವು, ಎರಡು ಸಲ ಹಿಚುಕಿದರೆ ಕೆಮ್ಮು ಬರುತ್ತಿದೆ. ಹಳೆಯ ಡಾಕ್ಟರು ಮೂವತ್ತು ವರ್ಷ ಮೇಜಿನ ಹತ್ತಿರ ಒಂದು ಅಕ್ಷರ ಆಡಿದವರಲ್ಲ.

ಅವರು ನಿವೃತ್ತರಾಗಿ ವಾರಿಜಾ ಡಾಕ್ಟರು ಬಂದು ಎಂಟು ದಿನವಾಗಿತ್ತು. ಹೊರಗಿನವರು. ಕೈ ಹಗುರ, ಮನಸ್ಸು ಬೆಣ್ಣೆ. ಮೇಜಿನ ಹತ್ತಿರ ಮಾತಾಡಬಾರದು ಎಂದು ನಾವು ಹೇಳಿದ್ದೆವು, ಅವರು ಹೌದೆಂದು ತಲೆಯಾಡಿಸಿಯೂ ಇದ್ದರು. ಆದರೆ ಕರುಣೆ ಇರುವ ನಾಲಗೆ ಸುಮ್ಮನಿರುವುದು ಕಷ್ಟ. “ಹೆದರಬೇಡಿ ಅಜ್ಜಿ” ಎನ್ನದೆ ಸೂಜಿ ಹಿಡಿಯಲು ಅವರಿಗೆ ಬರುತ್ತಿರಲಿಲ್ಲ.

ರೋಗಿಯ ಬಂಧುಗಳು ಕೈ ಹಿಡಿಯಬಾರದೆಂದು ನಿಯಮ. ಅಕ್ಕ ಒಪ್ಪಲಿಲ್ಲ. ವಾರ್ಡಿನ ಫಕೀರಪ್ಪ ಗಾಲಿಮಂಚ ತಳ್ಳಿಕೊಂಡು ಬಂದಾಗ ಅವನ ಮೇಲೇ ಹಾಯ್ದಳು.

“ಈ ಫಕೀರ್‍ಯಾನ ಕೈ ಹಿಡಿಲೇನು? ಇವನ ಲಗ್ನದಾಗ ಇವನ ಹೇಂತೀನ ಹಿಡೀಲಿಕ್ಕೆ ಹಿಂದುಮುಂದು ನೋಡಿದ್ಲು.”

“ಹಿಡದ ಮ್ಯಾಲ ಬಿಟ್ಟಿಲ್ಲಲ್ಲ ಬೇ, ನಲವತ್ತ ವರ್ಷಾತು,” ಅಂದ ಫಕೀರಪ್ಪ. ಅವಳಿಗೆ ಅವನ ತುಟಿ ಕಾಣಲಿಲ್ಲ. ಆ ಉತ್ತರ ಅವಳ ಕಿವಿಗೆ ಬಿದ್ದು ಅವಳು ಕುಲುಕುಲು ನಕ್ಕಾಗ ನಾವು ಆಗಲೇ ಒಳಗಿದ್ದೆವು. ಡಾಕ್ಟರು ಮಾಸ್ಕಿನ ಮೇಲಿನ ಕಣ್ಣಲ್ಲೇ ನಗುತ್ತ ನನಗೆ ಸನ್ನೆ ಮಾಡಿದರು, ‘ನೀವೇ ಹಿಡಿಯಿರಿ’ ಎಂದು.

ಬಲಗಣ್ಣಿಗೆ ಹನಿ ಔಷಧ ಹಾಕುವಾಗ ಅವರು ರೂಢಿಯಂತೆ ಬಾಯಲ್ಲೂ ಹೇಳಿದರು, “ಮೇಲೆ ನೋಡಿ ಅಜ್ಜಿ, ಮೂಗಿನ ಕಡೆಗೆ.” ಮಾಸ್ಕು ಅಲುಗಿದ್ದು ನನಗೆ ಕಂಡಿತು. ಕಂಡೂ ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾನು ಅಕ್ಕನ ಹಣೆ ಮುಟ್ಟಿ ಮುಖ ತುಸು ಎತ್ತಿದೆ, ಹನಿ ಬಿತ್ತು, ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅವರು ಕೈತೊಳೆದು ಬಂದು, ಔಷಧ ಎಳೆದುಕೊಂಡು, ಕೆಳರೆಪ್ಪೆ ಒರೆಸಿದರು. ನಾನು ಹೆಬ್ಬೆರಳು ಒತ್ತಿದೆ. ಅಕ್ಕ ನೇರ ನೋಡಿದಳು. ಸೂಜಿ ಒಳಗೆ ಹೋಯಿತು.

ಆ ಕ್ಷಣಕ್ಕೆ ಸರಿಯಾಗಿ ಕೋಣೆಯಲ್ಲಿ ದನಿ ಬಂತು: “ಮೇಲೆ ನೋಡಿ ಅಜ್ಜಿ, ಮೂಗಿನ ಕಡೆಗೆ.”

ನನ್ನ ಹೆಬ್ಬೆರಳು ಒಂದು ಹೇಳುತ್ತಿತ್ತು, ಡಾಕ್ಟರ ದನಿ ಒಂದು ಹೇಳಿತು. ಎರಡು ವರ್ಷ ಕಿವಿಯನ್ನೇ ನಂಬಿ ಬದುಕಿದವಳು ಯಾವುದನ್ನು ಕೇಳಿಯಾಳು? ವಿಧೇಯಳಾಗಿ ಕಣ್ಣು ಮೇಲಕ್ಕೆ, ಮೂಗಿನ ಕಡೆಗೆ ತಿರುಗಿಸಿದಳು. ಕಣ್ಣು ಹಾಗೆ ತಿರುಗಿದರೆ ಅದರ ಹಿಂದಿನ ನರ ಸೂಜಿಯ ದಾರಿಗೆ ಬಂದು ನಿಲ್ಲುತ್ತದೆ ಎಂದು ಡಾಕ್ಟರು ಆಮೇಲೆ ನನಗೆ ತಿಳಿಸಿ ಹೇಳಿದರು. ಔಷಧ ಅದಾಗಲೇ ಹೋಗಿತ್ತು. ಅವರು ಸೂಜಿ ಹೊರತೆಗೆದು, ಕಣ್ಣಿನ ಮೇಲೆ ಅರಿವೆ ಒತ್ತಿ ಹಿಡಿದರು. ಗುಡ್ಡೆ ನೆಟ್ಟಗಿತ್ತು, ರಕ್ತವಿರಲಿಲ್ಲ. ಎಲ್ಲ ಸರಿಯಿದೆ ಅನ್ನಿಸಿತು. “ಮಾತಾಡ್ತಾ ಇರಿ ಅಜ್ಜಿ, ನೀವು ಮಾತಾಡಿದರೆ ನನಗೆ ಧೈರ್ಯ,” ಎಂದು ಮೊದಲೇ ಅವರು ಹೇಳಿಟ್ಟಿದ್ದರು. ಅಕ್ಕನಿಗೆ ಮಾತಾಡು ಅನ್ನಬೇಕೇ? ಗಾಲಿಮಂಚದಿಂದಲೇ ಸುರುಮಾಡಿದ್ದಳು. ಹಸಿರು ಬಟ್ಟೆ ಮುಚ್ಚಿದೆವು.

ಬಟ್ಟೆಯ ಕೆಳಗಿನಿಂದ ಅವಳ ದನಿ ಬರುತ್ತಿತ್ತು. ಅವಳನ್ನು ನೋಡಲು ಗಂಡಿನವರು ಬಂದ ಕಥೆ. “ಹುಡುಗಿ ಹಾಡತಾಳೇನು ಅಂದ್ರು. ಹಾಡಿದೆ. ಇನ್ನೂ ದನಿ ಬರಬೇಕಲ್ಲ, ಎಲ್ಲಾರೂ ನನ್ನ ಬಾಯಿ ನೋಡಕೋತ ಕುಂತ್ರು. ಇವರು ಮಾತ್ರ ಅವಲಕ್ಕಿ ತಾಟು ನೋಡಕೋತ ಕುಂತ್ರು. ನನ್ನ ಹಾಡು ಬರೋದ್ರಾಗ ತಾಟು ಖಾಲಿ! ಹಾಡು ಕೇಳಿ ಒಪ್ಪಿದರೋ ಅವಲಕ್ಕಿ ತಿಂದು ಒಪ್ಪಿದರೋ, ಕಲ್ಮೇಶಗ ಗೊತ್ತು.”

ಡಾಕ್ಟರ ಭುಜ ನಗೆಯಿಂದ ಅಲುಗಿತು. ನಾನೂ ನಕ್ಕೆ. ಎಷ್ಟೋ ಸಲ ಕೇಳಿದ ಕಥೆ, ಆದರೂ ನಕ್ಕೆ. ನಗುವಾಗ ನನ್ನ ಕೈಗೆ ಏನೋ ಕೊರತೆ ಅನ್ನಿಸಿತು. ಅಕ್ಕ ಮಾತಾಡುವಾಗ ಅವಳ ಬೆರಳು ಸುಮ್ಮನಿರುವುದಿಲ್ಲ, ನನ್ನ ಅಂಗೈಯಲ್ಲಿ ತಾಳ ಹಾಕುತ್ತಲೇ ಇರುತ್ತವೆ. ಈಗ ದನಿ ಅವಲಕ್ಕಿಯಲ್ಲಿ ಕುಣಿಯುತ್ತಿತ್ತು, ಬೆರಳು ಹಿಂಡಿದ ಅರಿವೆಯ ಹಾಗೆ ಬಿದ್ದಿದ್ದವು. ಹನ್ನೊಂದು ವರ್ಷ ಕೈ ಹಿಡಿದವಳು ನಾನು. ಆದರೂ ಕಥೆ ಕೇಳುತ್ತ ಎಷ್ಟು ಹೊತ್ತು ಆ ಸತ್ತ ಬೆರಳು ಹಿಡಿದುಕೊಂಡಿದ್ದೆನೋ, ಶಿವನೇ ಬಲ್ಲ.

ಹಸಿರು ಬಟ್ಟೆ ಎತ್ತಿದೆ. ತುಟಿ ನೇರಳೆಯಾಗಿತ್ತು. ಎದೆ ಏಳುತ್ತಿರಲಿಲ್ಲ. ಅವಳ ದನಿ ಮಾತ್ರ ಇನ್ನೂ, “ಅತ್ತೀ ಮುಖ ನೋಡಬೇಕಿತ್ತು ನೀನು,” ಎನ್ನುತ್ತಿತ್ತು.

ಬಾಗಿಲಲ್ಲಿದ್ದ ಫಕೀರಪ್ಪನೂ ಕಂಡ. ಕಂಡವನೇ ತಲೆಯ ಮೇಲಿನ ಟೊಪ್ಪಿಗೆ ತೆಗೆದ, ಕೈಮುಗಿದ, ಕಣ್ಣು ಮುಚ್ಚಿ ನಿಂತ. ಬಾಕಿ ಮಾತು ಬರುತ್ತಿದೆ. ನಮ್ಮೂರಲ್ಲಿ ಹುಟ್ಟಿದ ಯಾರಾದರೂ ಹಾಗೇ ಮಾಡುತ್ತಿದ್ದರು. ನನ್ನ ಕಾಲೂ ನೆಲಕ್ಕೆ ನೆಟ್ಟುಕೊಂಡವು, ನನ್ನ ಕೈಯೂ ತಾನಾಗಿ ಅವಳ ಕೈ ಬಿಟ್ಟು ಮುಗಿಯಹೊರಟಿತು. ಅತ್ತ ಡಾಕ್ಟರು, ಅಜ್ಜಿ ಹಾಯಾಗಿ ಮಾತಾಡುತ್ತಿದ್ದಾರೆ ಎಂದು, ಬೆನ್ನು ಹಾಕಿ ಸಾಮಾನು ಜೋಡಿಸುತ್ತಿದ್ದರು. ದನಿ ಕೇಳಿ ಒಬ್ಬರು ಬದುಕಿದ್ದಾಳೆ ಅಂದುಕೊಂಡಿದ್ದರು, ಒಬ್ಬ ಸತ್ತಳು ಅಂದುಕೊಂಡಿದ್ದ. ನಡುವೆ ನನ್ನಕ್ಕ ಉಸಿರಿಲ್ಲದೆ ಮಲಗಿದ್ದಳು.

ಅವಳ ಮಣಿಕಟ್ಟಿನಲ್ಲಿ ನಾಡಿ ಒಂದು ಸಲ ನನ್ನ ಬೆರಳಿಗೆ ತಾಕಿತು. ನಾನು ಪಾಪಕ್ಕೆ ಹೆದರದೆ ಅಲ್ಲಿದ್ದ ಉಕ್ಕಿನ ತಟ್ಟೆಯನ್ನು ನೆಲಕ್ಕೆ ಕೆಡವಿದೆ.

ಡಾಕ್ಟರು ತಿರುಗಿದರು. ಒಂದೇ ನೋಟ. ಬಟ್ಟೆ ಕಿತ್ತೆಸೆದರು, ಅಕ್ಕನ ಗದ್ದ ಎತ್ತಿ ಹಿಡಿದು ಮೂಗುಬಾಯಿಗೆ ರಬ್ಬರಿನ ಮುಚ್ಚಳ ಒತ್ತಿದರು, ಅದಕ್ಕಿದ್ದ ಗಾಳಿಚೀಲವನ್ನು ನನ್ನ ಕೈಗೆ ಕೊಟ್ಟರು. ತಮ್ಮ ಮಾಸ್ಕನ್ನು ಕುತ್ತಿಗೆಗೆ ಇಳಿಸಿ, ನನಗೆ ಕಾಣುವ ಹಾಗೆ ಬಿಡಿಬಿಡಿಯಾಗಿ ಅಂದರು: “ಸತ್ತಿಲ್ಲ. ಉಸಿರು ಮಲಗಿದೆ. ಒತ್ತಿ. ಬಿಡಿ. ಒತ್ತಿ.”

ಒಂದು ಪಂಚಾಕ್ಷರಿಗೆ ಒಂದು ಒತ್ತು, ಒಂದು ಪಂಚಾಕ್ಷರಿಗೆ ಒಂದು ಬಿಡುವು. ಅವರು ತೋರಿಸಿದ ಗತಿ ಅದಕ್ಕೆ ಸರಿಹೊಂದಿತು. ಅಕ್ಕನ ಎದೆ ಎದ್ದು ಇಳಿಯಿತು. ಡಾಕ್ಟರು ಫಕೀರಪ್ಪನಿಗೆ ಸಲೈನು ತಾ ಎಂದು ಕೈಮಾಡಿದರು. ಅವನು ಕಣ್ಣು ತೆರೆದವನು ನಮ್ಮ ಕೆಲಸ ನೋಡಿ ಗಾಬರಿಯಾಗಿ ತುಟಿಯ ಮೇಲೆ ಬೆರಳಿಟ್ಟ. “ದಾನಮ್ಮಾ, ಏನಿದು? ಮುಟ್ಟಬ್ಯಾಡ. ಮಾತು ಇನ್ನೂ ಬರಾಕತ್ತಾವ.” ಡಾಕ್ಟರು ಒಂದು ಕೈಯಿಂದ ಅವನ ಕೈ ಎಳೆದು ಅಕ್ಕನ ಮಣಿಕಟ್ಟಿನ ಮೇಲೆ ಇಟ್ಟರು. ನಾಡಿ ಸಿಕ್ಕಿತೇನೋ, ಮುದುಕ ಕೂಸಿನ ಹಾಗೆ ಬಾಯಿ ತೆರೆದು ನಮ್ಮನ್ನು ನೋಡಿದ, ಟೊಪ್ಪಿಗೆ ಹಾಕಿಕೊಂಡು ಓಡಿದ.

ಆಗ ಅವಲಕ್ಕಿಯ ಕಥೆ ಮುರಿಯಿತು. ಅಕ್ಕನ ದನಿ ತೊದಲಿ, ಸಣ್ಣದಾಗಿ ಬಂತು. “ದಾನೀ... ಆ ಕಣ್ಣು ಕತ್ತಲಾಗಲಿ ಬಿಡು, ಈ ಕಣ್ಣೂ ಕತ್ತಲಾತಲ್ಲೇ. ಉಗುಳು ನುಂಗಾಕ ಬರವಲ್ದು. ದಾನೀ, ಕೈ...” ಅಷ್ಟೇ. ಮುಂದೆ ಏನೂ ಇರಲಿಲ್ಲ. ಅವಳು ಕೂಗಿ ಕರೆದಾಗ ನಾನು ಅವಳ ಕೈಯನ್ನೇ ಹಿಡಿದು ಕೂತಿದ್ದೆ. ನನಗೆ ತಿಳಿದದ್ದು ಈಗ. ಇದಕ್ಕೆ ಕಾದು ನಿಂತಿದ್ದರೆ ಹಾಲೂ ಉಕ್ಕುತ್ತಿತ್ತು, ಅವಳೂ ಹೋಗಿರುತ್ತಿದ್ದಳು.

ಡಾಕ್ಟರು ಸಲೈನು ಏರಿಸುತ್ತ, ನಾಡಿ ಎಣಿಸುತ್ತ, ನಡುನಡುವೆ ನನ್ನ ಕಡೆ ತಿರುಗಿ ತುಟಿಯಲ್ಲಿ ಹೇಳಿದರು. ಕಣ್ಣಿನ ನರಕ್ಕೆ ಒಂದು ಹೊದಿಕೆಯಿದೆ, ಔಷಧ ಅದರೊಳಗೆ ಸಿಕ್ಕು ಹಿಂದಕ್ಕೆ ಹರಿದು ಮಿದುಳಿನ ಬುಡಕ್ಕೆ ಹೋಗಿದೆ, ಉಸಿರಿನ ಮನೆ ಇರುವುದು ಅಲ್ಲಿ. ಕಣ್ಣು ಜೋಮು ಹಿಡಿಯಬೇಕಿತ್ತು, ಉಸಿರು ಜೋಮು ಹಿಡಿದಿದೆ. ಸಾವಿರಾರು ಜನರಲ್ಲಿ ಒಬ್ಬರಿಗೆ ಆಗುತ್ತದೆ. ಅವರು ಪುಸ್ತಕದಲ್ಲಿ ಓದಿದ್ದರಂತೆ, ಕಂಡಿರಲಿಲ್ಲವಂತೆ. ಜೋಮು ತಾನಾಗಿ ಇಳಿಯುತ್ತದೆ, ಅಲ್ಲಿಯವರೆಗೆ ಅಜ್ಜಿಯ ಉಸಿರು ನಿಮ್ಮ ಕೈಯಲ್ಲಿ. “ನನ್ನ ಬಾಯಿಂದ ಆಯಿತು,” ಎಂದೂ ಅಂದರು. ನಾನು ಒತ್ತುತ್ತಿದ್ದೆ, ತಲೆಯಾಡಿಸಲೂ ಪುರುಸೊತ್ತಿರಲಿಲ್ಲ.

ಎಷ್ಟು ಒತ್ತಿದೆನೋ. ಇಪ್ಪತ್ತು ನಿಮಿಷ ಎಂದು ಡಾಕ್ಟರು ಆಮೇಲೆ ಹೇಳಿದರು. ಮೊದಮೊದಲು ಮನಸ್ಸಿನಲ್ಲಿ ಪಂಚಾಕ್ಷರಿ ಇತ್ತು. ಬರಬರುತ್ತ ಬಾಯಿ ತನ್ನಷ್ಟಕ್ಕೆ ಮಾತಾಡತೊಡಗಿತು. ಮಾಸ್ಕಿನೊಳಗೆ ಯಾರಿಗೂ ಕಾಣದ ಮಾತು. ಆ ಹೊತ್ತಿಗೆ ಅದು ಮಾತೆಂದೂ ನನಗೆ ಅನ್ನಿಸಲಿಲ್ಲ, ಬೆವರಿನ ಹಾಗೆ ಸುರಿಯಿತು.

ಇದ್ದಕ್ಕಿದ್ದಂತೆ ಗಾಳಿಚೀಲ ನನ್ನ ಕೈಗೆ ಎದುರಾಯಿತು. ನಾನು ಒತ್ತುವ ಮೊದಲೇ ಅಕ್ಕ ತಾನೇ ಒಂದು ಉಸಿರು ಎಳೆದಳು. ಇನ್ನೊಂದು. ಡಾಕ್ಟರು ಕೈ ಎತ್ತಿ ನನ್ನನ್ನು ನಿಲ್ಲಿಸಿದರು. ನಾವು ಮೂವರೂ ಆ ಎದೆಯನ್ನು ನೋಡಿದೆವು, ಗರ್ಭಗುಡಿಯ ಪರದೆ ಸರಿಯುವುದನ್ನು ನೋಡುವ ಹಾಗೆ. ಆಮೇಲೆ ಅವಳ ಎಡಗಣ್ಣಿನ ರೆಪ್ಪೆ ಅಲುಗಿತು. ಡಾಕ್ಟರು ಆ ಕಣ್ಣಿನ ಹತ್ತಿರಕ್ಕೆ ತಮ್ಮ ಬೆರಳು ಎತ್ತಿ ಹಿಡಿದರು. ಅಕ್ಕ ಮಂಚದ ಮೇಲೆ ಕೈಯನ್ನು ಎತ್ತಲಾರದೆ ಎರಡು ಬೆರಳು ಬಿಚ್ಚಿದಳು. ಎರಡೇ ಹಿಡಿದಿದ್ದರು.

ನಾನು ಮಾಸ್ಕು ತೆಗೆದು ಮುಖ ಒರೆಸಿಕೊಳ್ಳುತ್ತಿದ್ದೆ. ಆಗ ನನ್ನದೇ ದನಿ ಕೋಣೆಯಲ್ಲಿ ಬಂತು. ಅಕ್ಕ ಉಸಿರಿಲ್ಲದೆ ಮಲಗಿದ್ದಾಗ ಆಡಿದ್ದರಲ್ಲಿ ಮೊದಲಿನದೆಲ್ಲ ಅವಳ ಅರಿವಿಗೆ ಬಾರದೆ ಬಂದು ಹೋಗಿತ್ತು. ಕಡೆಯ ಒಂದು ಲೋಟ ಹಾಲಿನಷ್ಟು ಇನ್ನೂ ದಾರಿಯಲ್ಲಿತ್ತು. ಏನೇನು ಬರಲಿದೆ ಎಂದು ನನಗೆ ಗೊತ್ತಿತ್ತು. ಪಕ್ಕದಲ್ಲಿ ಹತ್ತಿಯ ಡಬ್ಬಿ ಇತ್ತು. ಎರಡು ಉಂಡೆ ಮಾಡಿ ಅವಳ ಕಿವಿಗೆ ಇಟ್ಟುಬಿಡಬಹುದಿತ್ತು, ಔಷಧ ಎಂದು ಹೇಳಬಹುದಿತ್ತು. ಹತ್ತಿ ಕೈಗೆ ತೆಗೆದುಕೊಂಡೆ ಕೂಡ. ಎರಡು ವರ್ಷ ಅವಳ ಕಣ್ಣಿಗೆ ಮಣ್ಣೆರಚಿದ್ದು ಸಾಲದೇ, ಈಗ ಕಿವಿಯನ್ನೂ ಮುಚ್ಚಲೇ? ಡಬ್ಬಿಯ ಮುಚ್ಚಳ ಹಾಕಿದೆ.

“ಅಕ್ಕಾ, ಭಜನಿ ನಿಂತಿಲ್ಲ,” ಎಂದಿತು ನನ್ನ ದನಿ, ಒತ್ತೊತ್ತಿಗೆ ಏದುತ್ತ. “ಹಾರ್ಮೋನಿಯಂ ಪೆಟ್ಟಗಿ ಹರದಿಲ್ಲ. ಸೋಮವಾರಕ್ಕೊಮ್ಮೆ ನಾವೆಲ್ಲಾ ಕೆರಿ ಆಚೆ ಕೂಡತೀವಿ. ನಿನ್ನ ಕರೀಬ್ಯಾಡ್ರಿ ಅಂದಾಕಿ ನಾನ. ನಿನ್ನ ದನಿ ಹಿಂದ ಒಂದ ಬರತಿತ್ತು, ಮಂದಿ ನಗತಿದ್ರು. ನಿನಗ ಬ್ಯಾಸರ ಆದೀತಂತ ಅಲ್ಲ. ನನಗ ನಾಚಿಕಿ ಬಂತು. ನನ್ನ ಸಲುವಾಗಿ ಮಾಡಿದೆ. ಕಲ್ಮೇಶಾ, ಉಸಿರು ಕೊಡೋ. ಈಕಿ ಹಾಡು ತಪ್ಪಿದ್ರ ತಪ್ಪಲಿ. ಈಕಿದೊಂದ ದನಿ ಇರಲಿ, ನಮ್ಮದೆಲ್ಲಾ ತಗೋ.”

ಹೆಣದ ಮುಂದೆ ಆಡುವ ಇಂಥ ಮಾತನ್ನು ಬದುಕಿದ್ದು ಕೇಳಿದವರು ನಮ್ಮೂರಲ್ಲಿ ಯಾರೂ ಇಲ್ಲ. ಡಾಕ್ಟರು ಕಿಟಕಿಯ ಕಡೆ ತಿರುಗಿದರು. ಅಕ್ಕ ಕೇಳಿದಳು. ಜೋಮು ಹಿಡಿದ ಬಲಗಣ್ಣು ಮುಚ್ಚಲಾರದೆ ಚಾವಣಿ ನೋಡುತ್ತಿತ್ತು. ಎಡಗಣ್ಣು ಮುಚ್ಚಿಕೊಂಡಳು. ನಾನು ಅವಳ ಕೈ ಹಿಡಿಯಲು ಹೋದೆ. ಮೆಲ್ಲಗೆ ಬಿಡಿಸಿಕೊಂಡಳು.

ಆ ದಿನ ಆಪರೇಷನ್ ಆಗಲಿಲ್ಲ. ಹದಿನೈದು ದಿನ ಬಿಟ್ಟು ಬನ್ನಿ, ಈ ಸಲ ಸೂಜಿ ಬೇಡ, ಬರೀ ಹನಿ ಹಾಕಿ ಮಾಡುತ್ತೇನೆ ಎಂದು ಡಾಕ್ಟರು ತಿಳಿಸಿದರು. ಅದೆಲ್ಲವನ್ನೂ ಅಕ್ಕನ ಅಂಗೈಯಲ್ಲಿ ಬೆರಳಿನಿಂದ ಬರೆದು ತೋರಿಸಿದರು, ಬಾಯಿ ಬಿಗಿಯಾಗಿ ಮುಚ್ಚಿತ್ತು. ಸಂಜೆಯವರೆಗೆ ಮಲಗಿಸಿಕೊಂಡು, ನಾಡಿ ಉಸಿರು ನೋಡಿ, ಮನೆಗೆ ಕಳಿಸಿದರು. ದಾರಿಯುದ್ದಕ್ಕೂ ಅಕ್ಕ ಫಕೀರಪ್ಪನ ಹೆಗಲು ಹಿಡಿದು ನಡೆದಳು. ನಾನು ಎರಡು ಮಾರು ಹಿಂದೆ. ಅವಳು ಏನಾದರೂ ಅನ್ನುತ್ತಿದ್ದಾಳೋ ಇಲ್ಲವೋ ನನಗೆ ಕಾಣುತ್ತಿರಲಿಲ್ಲ. ಬರೀ ಬೆನ್ನು. ಓಣಿಯ ಬಾಯಿಯಲ್ಲಿ ಫಕೀರಪ್ಪ ನನ್ನ ಕಡೆ ಒಂದು ಸಲ ತಿರುಗಿ ನೋಡಿದ.

ಮನೆ ಮುಟ್ಟಿದಾಗ ಅವಳು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಾನು ಹೊಸ್ತಿಲಲ್ಲೇ ಕೂತೆ. ಒಳಗೆ ಹೋಗುವ ಧೈರ್ಯವಾಗಲಿಲ್ಲ. ಅಷ್ಟರಲ್ಲಿ ದಾರಿಯಲ್ಲಿ ಆಡಿದ್ದು ಬರತೊಡಗಿತು. ಮೊದಲು ಬೈಗುಳ ಬಂದವು, ಓಣಿಯವರೆಲ್ಲ ಬಾಗಿಲಿಗೆ ಬರುವಂಥವು. ಸುಳ್ಳಬುರಕಿ ಅಂದಳು. ತುತ್ತು ಕೊಟ್ಟ ಕೈಯನ್ನೇ ಕಚ್ಚಿದಾಕಿ ಅಂದಳು. ನನ್ನ ಮೂರು ವರ್ಷದ ಮೊಂಡಾಟದಿಂದ ಹಿಡಿದು ಎಲ್ಲವನ್ನೂ ಎತ್ತಿ ಆಡಿದಳು. ನಾನು ತಲೆ ತಗ್ಗಿಸಿ ಒಂದೊಂದನ್ನೂ ಪ್ರಸಾದ ತೆಗೆದುಕೊಂಡಂತೆ ತೆಗೆದುಕೊಂಡೆ. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಅವಳು ದಣಿದು ನಿಂತ ಜಾಗ ಇರಬೇಕು. ಕಡೆಗೆ, ಉಸಿರು ಸಾಲದ ದನಿಯಲ್ಲಿ, “ಸೋಮವಾರ ಎಷ್ಟೊತ್ತಿಗೆ ಕೂಡತೀರಿ?”

ನಾನು ಎದ್ದು ಒಳಗೆ ಹೋಗಿ ಅವಳ ಬೆನ್ನಿನ ಹತ್ತಿರ ಕೂತೆ. “ದೀಪ ಹಚ್ಚೋ ಹೊತ್ತಿಗೆ,” ಅಂದೆ. ಕೈ ಮುಟ್ಟಿ ಹೇಳಬಹುದಿತ್ತು, ಹೇಳಲಿಲ್ಲ. ಅದು ಬಂದು ಅವಳಿಗೆ ಮುಟ್ಟುವವರೆಗೆ ಕಾಯುತ್ತ ಕೂತೆ.